ಚಾಲಗೇಣಿಯ ಹಾಡು

ಮಂಗಳೂರು ಕಡೆಯಿಂದ ಬೆಂಗಳೂರಿಗೆ ಹೊರಟ ರೈಲು ನೆಟ್ಟಣದಲ್ಲಿರುವ ಸುಬ್ರಹ್ಮಣ್ಯ ರೋಡ್ ನಿಲ್ದಾಣ ಬಿಟ್ಟಿತೆಂದರೆ ಘಾಟಿ ಹತ್ತುವುದು ಸುರು. ಅಲ್ಲಿಂದ ಸಕಲೇಶಪುರದವರೆಗೆ ಸುಮಾರು 55 ಕಿಲೋಮೀಟರ್ ದಾರಿ. ಆ ದಾರಿಯಲ್ಲಿ 57 ಸುರಂಗಗಳು. ಸಿರಿಬಾಗಿಲು, ಎಡಕುಮೇರಿ, ಕಡಗರವಳ್ಳಿ, ದೋಣಿಗಲ್ ನಿಲ್ದಾಣಗಳ ನಡುವೆ ಎರಡೂ ಬದಿ ಕಾಡು, ಕಣಿವೆ, ತೊರೆ. ಮೊಬೈಲಿಗೆ ಹೆಚ್ಚಿನ ಕಡೆ ಸಿಗ್ನಲ್ ಇಲ್ಲ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕುಳಿತ ಪ್ರಯಾಣಿಕರು ಆಗ ಎರಡು ಗುಂಪಾಗುತ್ತಾರೆ. ಹಾಡನ್ನು ಮೊದಲೇ ಮೊಬೈಲಿಗೆ ಇಳಿಸಿಕೊಂಡವರು ಕೇಳುತ್ತಲೇ ಇರುತ್ತಾರೆ. ಉಳಿದವರ ಪರದೆಯ ಮೇಲೆ ಚಿಕ್ಕ ಚಕ್ರವೊಂದು ತಿರುಗುತ್ತಲೇ ಇರುತ್ತದೆ, ಹಾಡು ಮುಂದೆ ಹೋಗುವುದಿಲ್ಲ.

ರೈಲಿನಲ್ಲಿ ಹೋಗುವವರಿಗೆ ಇದು ಎರಡು ಮೂರು ಗಂಟೆಯ ಮಾತು. ಹಳಿಯ ಕೆಳಗಿರುವ ಊರುಗಳಿಗೆ ಹಾಗಲ್ಲ. ಪುತ್ತೂರು, ಸುಳ್ಯ ತಾಲ್ಲೂಕುಗಳ ಹಳ್ಳಿಗಳನ್ನು ಕೂಡಿಸಿ ಮಾಡಿದ, ದಕ್ಷಿಣ ಕನ್ನಡ ಜಿಲ್ಲೆಯ ಕಡಬ ತಾಲ್ಲೂಕಿನಲ್ಲಿ ಶಿರಾಡಿ, ಕೊಂಬಾರು, ಬಿಳಿನೆಲೆ, ಸುಬ್ರಹ್ಮಣ್ಯದಂತೆ ಘಟ್ಟದ ಬುಡಕ್ಕೆ ಅಂಟಿಕೊಂಡ ಗ್ರಾಮಗಳು ಸಾಕಷ್ಟಿವೆ. ಇಲ್ಲಿ ಮನೆಗಳು ಒತ್ತೊತ್ತಾಗಿಲ್ಲ. ತೋಟ ಇರುವುದು ತಗ್ಗಿನಲ್ಲಿ, ಮನೆ ತೋಟದ ತಲೆಯಲ್ಲಿ, ಸಿಗ್ನಲ್ ಸಿಗುವುದು ಗುಡ್ಡೆಯ ಮೇಲೆ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುವ ಜಿಲ್ಲೆ ಇದು. ಜೂನ್ ತಿಂಗಳ ಗಾಳಿಗೆ ಮರ ಬಿದ್ದು ತಂತಿ ಕಡಿದರೆ ಕರೆಂಟು ಹೋಗುತ್ತದೆ, ಬ್ಯಾಟರಿ ಮುಗಿದ ಮೇಲೆ ಟವರ್ ಕೂಡ ಸುಮ್ಮನಾಗುತ್ತದೆ. 2021ರ ಜೂನ್‌ನಲ್ಲಿ ಸುಳ್ಯ ತಾಲ್ಲೂಕಿನ ಬಳ್ಳಕದಲ್ಲಿ ತೆಗೆದ ಒಂದು ಫೋಟೊ ನಾಡಿನಾದ್ಯಂತ ಹರಡಿತ್ತು: ರಸ್ತೆಯ ಬದಿಯಲ್ಲಿ ಸುರಿಯುವ ಮಳೆಯಲ್ಲಿ ಕುಳಿತು ಆನ್‌ಲೈನ್ ಪಾಠ ಕೇಳುತ್ತಿರುವ ಮಗಳು, ಅವಳಿಗೆ ಕೊಡೆ ಹಿಡಿದು ನಿಂತ ಅಪ್ಪ. ಪಾಠಕ್ಕೇ ಈ ಪಾಡು ಪಟ್ಟ ಸೀಮೆಯಲ್ಲಿ ಹಾಡಿನ ಮಾತು ಎತ್ತುವುದು ಅತಿಯಾಯಿತು ಎಂದು ಕೆಲವರಿಗೆ ಅನಿಸೀತು. ಆದರೆ ಹಾಡು ಇಲ್ಲಿ ಬಿಡುವಿನ ಶೋಕಿಯಾಗಿ ಬಂದದ್ದಲ್ಲ, ಕೆಲಸದ ಜೊತೆಗೇ ಬಂದದ್ದು.

ಅಡಿಕೆ ಸುಲಿಯುವ ಮನೆಗೆ ಹೋಗಿ ನೋಡಿದರೆ ಇದು ಗೊತ್ತಾಗುತ್ತದೆ. ಅಂಗಳದಲ್ಲಿ ನಲವತ್ತು ನಲವತ್ತೈದು ದಿನ ಬಿಸಿಲು ಕಂಡು ಒಣಗಿದ ಅಡಿಕೆ ರಾಶಿ ಬಿದ್ದಿರುತ್ತದೆ. ಮಣೆಗೆ ಕೂರಿಸಿದ ಕತ್ತಿಗೆ ಒಂದೊಂದೇ ಕಾಯಿ ಒತ್ತಿ, ಸಿಪ್ಪೆ ಸೀಳಿ, ಗೋಟನ್ನು ಬುಟ್ಟಿಗೆ ಹಾಕುವುದು. ಕೈಗೆ ಬಿಡುವಿಲ್ಲ, ಕಣ್ಣಿಗೂ ಬಿಡುವಿಲ್ಲ. ಕಿವಿ ಮಾತ್ರ ಖಾಲಿ. ಆ ಖಾಲಿ ಕಿವಿಗೆ ಬೇಕಾದದ್ದು ಮೂರು ನಿಮಿಷದ ಹಾಡಲ್ಲ, ಮೂರು ಗಂಟೆಯ ತಾಳಮದ್ದಳೆ, ಅಂದರೆ ವೇಷವಿಲ್ಲದೆ ಕುಳಿತು ನಡೆಸುವ ಯಕ್ಷಗಾನ. ಮಂಗಳೂರು ಆಕಾಶವಾಣಿ 1976ರ ಡಿಸೆಂಬರಿನಲ್ಲಿ ಸುರುವಾದ ಮೇಲೆ ಯಕ್ಷಗಾನದ ಹೊತ್ತಿಗೆ ರೇಡಿಯೊ ಪಕ್ಕದಲ್ಲಿ ಟೇಪ್‌ರೆಕಾರ್ಡರ್ ಇಟ್ಟು ಮುದ್ರಿಸಿಕೊಂಡ ಮನೆಗಳು ಎಷ್ಟೋ. ಆಮೇಲೆ ಅಂಗಡಿಯ ಕ್ಯಾಸೆಟ್ ಬಂತು. ತಾಳಮದ್ದಳೆಯ ಮಾತುಗಾರ ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥ, ಬಲಿಪ ನಾರಾಯಣ ಭಾಗವತರ ಪದ್ಯ ಆ ಕ್ಯಾಸೆಟ್‌ಗಳ ಮೂಲಕವೇ ತೋಟದ ಮನೆಗಳ ಒಳಗೆ ಹೋದವು. ಒಂದು ಕ್ಯಾಸೆಟ್ ಮೂರು ಮನೆ ಸುತ್ತಿ ಬರುತ್ತಿತ್ತು. ಟೇಪು ಸಿಕ್ಕಿಕೊಂಡರೆ ಪೆನ್ಸಿಲು ತೂರಿಸಿ ಸುತ್ತಿ ಮತ್ತೆ ಹಾಕುತ್ತಿದ್ದರು.

ರಬ್ಬರ್ ತೋಟದ ಕತೆ ಬೇರೆ. ಹಾಲು ಚೆನ್ನಾಗಿ ಇಳಿಯುವುದು ತಂಪು ಹೊತ್ತಿನಲ್ಲಿ. ಹಾಗಾಗಿ ಟ್ಯಾಪಿಂಗ್ ಮಾಡುವವರು ಬೆಳಕು ಹರಿಯುವ ಮುಂಚೆಯೇ ತಲೆಗೆ ಲೈಟು ಕಟ್ಟಿಕೊಂಡು ಮರದಿಂದ ಮರಕ್ಕೆ ನಡೆಯುತ್ತಾರೆ. ತೊಗಟೆಯ ಮೇಲೆ ಓರೆಯಾಗಿ ತೆಳುವಾದ ಒಂದು ಗೀರು, ಕೆಳಗೊಂದು ಚಿಪ್ಪು, ಮುಂದಿನ ಮರ. ಸುಳ್ಯ, ಪುತ್ತೂರು ಸೀಮೆಯ ಸರಕಾರಿ ರಬ್ಬರ್ ತೋಟಗಳಲ್ಲಿ ಈ ಕೆಲಸಕ್ಕೆ ನೆಲೆ ನಿಂತವರಲ್ಲಿ ದೊಡ್ಡ ಪಾಲು 1964ರ ಶಾಸ್ತ್ರಿ–ಸಿರಿಮಾವೊ ಒಪ್ಪಂದದ ಮೇಲೆ ಶ್ರೀಲಂಕಾದಿಂದ ಬಂದ ತಮಿಳು ಕುಟುಂಬಗಳು. ಕತ್ತಲೆಯಲ್ಲಿ ಒಬ್ಬೊಬ್ಬರೇ ನಡೆಯುವ ಈ ಕೆಲಸದಲ್ಲಿ ಕಿವಿಯ ಹಾಡು ಜೊತೆಗಾರನಿದ್ದ ಹಾಗೆ. ರಬ್ಬರ್ ಗುಡ್ಡೆಯ ಎಲ್ಲ ಮಗ್ಗುಲಿಗೂ ಸಿಗ್ನಲ್ ಬರುತ್ತದೆಂದು ನಂಬಿ ಮನೆ ಬಿಡುವವರು ಯಾರೂ ಇಲ್ಲ.

ಕ್ಯಾಸೆಟ್ ಹೋಯಿತು, ಸಿಡಿ ಬಂತು, ಅದೂ ಹೋಯಿತು. ಆಮೇಲೆ ಬಂದದ್ದು ಮೆಮೊರಿ ಕಾರ್ಡು. ಪೇಟೆಯ ಮೊಬೈಲ್ ಅಂಗಡಿಗೆ ಹೋಗಿ ಕಾರ್ಡು ಕೊಟ್ಟು, "ಹಳೇ ರಾಜ್‌ಕುಮಾರ್ ಹಾಡು, ಎರಡು ಆಟದ ಪದ್ಯ ಹಾಕಿ ಅಣ್ಣ" ಅಂದರೆ ಚಹಾ ಕುಡಿದು ಬರುವಷ್ಟರಲ್ಲಿ ಕಾರ್ಡು ತುಂಬಿರುತ್ತಿತ್ತು. ಅದಕ್ಕೆ ಕೊಟ್ಟ ಹಣದಲ್ಲಿ ಹಾಡಿದವರಿಗೆ, ಬರೆದವರಿಗೆ, ಬಾರಿಸಿದವರಿಗೆ ಬಿಡಿಕಾಸೂ ಹೋಗುತ್ತಿರಲಿಲ್ಲ. ಅದು ಕಳವೇ. ಬಡವರು ಮಾಡಿದರೆಂದು, ಎಲ್ಲರೂ ಮಾಡಿದರೆಂದು ಕಳವು ಬೇರೆ ಏನೋ ಆಗುವುದಿಲ್ಲ. ಹಾಡಿನ ಆ್ಯಪ್‌ಗಳು ಬಂದಾಗ ಅವುಗಳ ಪರವಾಗಿ ಹೇಳಬಹುದಾಗಿದ್ದ ದೊಡ್ಡ ಮಾತು ಇದೇ ಆಗಿತ್ತು: ಇಲ್ಲಿ ಕೇಳಿದ್ದಕ್ಕೆ ಹಣ ಸಂದಾಯವಾಗುತ್ತದೆ, ಲೆಕ್ಕ ಇರುತ್ತದೆ, ಕಡಬದ ಕೇಳುಗನೂ ಮರ್ಯಾದೆಯಿಂದ ಹಣ ಕೊಟ್ಟು ಕೇಳಬಹುದು.

ಕೇಳುಗ ಹಣ ಕೊಡಲು ತಯಾರಾದ. ಅದಕ್ಕೆ ಪ್ರತಿಯಾಗಿ ಅವನ ಕೈಗೆ ಬಂದದ್ದು ಏನು ಎಂಬುದನ್ನು ಈಗ ನೋಡಬೇಕು.

ಚಂದಾ ಕಟ್ಟಿದ ಆ್ಯಪ್‌ನಲ್ಲಿ ಕೆಳಗೆ ಬಾಣದ ಗುರುತು ಒತ್ತಿದರೆ ಹಾಡು ಫೋನಿಗೆ ಇಳಿಯುತ್ತದೆ. ಆದರೆ ಅದು ಮೆಮೊರಿ ಕಾರ್ಡಿನ ಹಾಡಿನಂತೆ ತೆರೆದ ಫೈಲಲ್ಲ. ಗೂಢಲಿಪಿಯಲ್ಲಿ ಮುಚ್ಚಿಟ್ಟದ್ದು. ಅದನ್ನು ಬಿಚ್ಚುವ ಕೀಲಿ ಆ ಆ್ಯಪ್‌ನ ಕೈಯಲ್ಲಿ ಮಾತ್ರ ಇರುತ್ತದೆ, ಆ ಕೀಲಿಗೂ ಅವಧಿ ಇದೆ. ಇಳಿಸುವ ಸೌಲಭ್ಯ ಇರುವ ಸ್ಪಾಟಿಫೈ ಚಂದಾದಾರ ಐದು ಸಾಧನಗಳಲ್ಲಿ, ಒಂದೊಂದರಲ್ಲಿ 10,000 ಹಾಡಿನವರೆಗೆ ಇಳಿಸಿಕೊಳ್ಳಬಹುದು; ಆದರೆ 30 ದಿನಕ್ಕೊಮ್ಮೆಯಾದರೂ ಫೋನು ಇಂಟರ್‌ನೆಟ್‌ಗೆ ಸೇರಿ, ಈ ಮನುಷ್ಯನ ಚಂದಾ ಇನ್ನೂ ಚಾಲ್ತಿಯಲ್ಲಿದೆ ಎಂದು ಕಂಪನಿಗೆ ಒಪ್ಪಿಸಬೇಕು. ಯೂಟ್ಯೂಬ್ ಮ್ಯೂಸಿಕ್‌ನಲ್ಲೂ ಹೆಚ್ಚುಕಡಿಮೆ ಇದೇ ಕ್ರಮ. ಚಂದಾ ಒಂದು ತಿಂಗಳು ತಪ್ಪಿತೋ, ಹಾಡು ಫೋನಿನಲ್ಲಿದ್ದೂ ಇಲ್ಲದಂತೆ. ಫೋನು ಬದಲಾಯಿಸಿದರೆ ಮೊದಲಿನಿಂದ ಇಳಿಸಿಕೊಳ್ಳಬೇಕು. ಹಾಡಿನ ಒಡೆಯರು ಆ್ಯಪ್ ಜೊತೆಗಿನ ಕರಾರು ಮುಗಿಸಿದರೆ, ಚಂದಾ ಸರಿಯಾಗಿ ಕಟ್ಟಿದವನ ಪಟ್ಟಿಯಲ್ಲೂ ಹಾಡಿನ ಹೆಸರು ಬೂದು ಬಣ್ಣಕ್ಕೆ ತಿರುಗುತ್ತದೆ, ಒತ್ತಿದರೆ ಮೌನ.

ಮೂವತ್ತು ದಿನ ಸಣ್ಣ ಅವಧಿಯಲ್ಲ ಎಂಬ ವಾದವನ್ನು ಒಪ್ಪಬೇಕು. ಕೊಂಬಾರಿನ ತೀರಾ ಒಳಗಿನ ಮನೆಯವರೂ ರೇಷನ್ನಿಗೆ, ಸೊಸೈಟಿಗೆ, ಸಂತೆಗೆ ಎಂದು ತಿಂಗಳಲ್ಲಿ ಹಲವು ಸಲ ಪೇಟೆಗೆ ಬರುತ್ತಾರೆ. ಫೋನು ಅಲ್ಲಿ ಸಿಗ್ನಲ್ ಹಿಡಿಯುತ್ತದೆ. ಆದರೆ ಹಣ ಕೊಟ್ಟವನು ತಾನು ಹಣ ಕೊಟ್ಟಿದ್ದೇನೆಂದು ಎಷ್ಟು ಕಾಲ, ಎಷ್ಟು ಬಾರಿ ಸಾಬೀತು ಮಾಡುತ್ತ ಇರಬೇಕು ಎಂಬ ಪ್ರಶ್ನೆ ಅದರಿಂದ ತೀರುವುದಿಲ್ಲ. ಸ್ಪಾಟಿಫೈ 2019ರ ಫೆಬ್ರವರಿಯಲ್ಲಿ ಭಾರತಕ್ಕೆ ಬಂದಾಗ ತಿಂಗಳ ಚಂದಾ 119 ರೂಪಾಯಿ. ಆ ದರದಲ್ಲೇ ಐದು ವರ್ಷ ತಪ್ಪದೆ ಕಟ್ಟಿದವನು 7,140 ರೂಪಾಯಿ ಕೊಟ್ಟಂತಾಯಿತು. ಆರನೆಯ ವರ್ಷ ಅಡಿಕೆಗೆ ಕೊಳೆರೋಗ ಬಂದು ಕೈ ಬಿಗಿಯಾಗಿ ಚಂದಾ ನಿಲ್ಲಿಸಿದರೆ ಅವನ ಬಳಿ ಉಳಿಯುವ ಹಾಡು ಒಂದೂ ಇಲ್ಲ.

ದಕ್ಷಿಣ ಕನ್ನಡದ ಹಿರಿಯರಿಗೆ ಇದನ್ನು ವಿವರಿಸಲು ಹೆಚ್ಚು ಮಾತು ಬೇಡ. ಈ ಜಿಲ್ಲೆಯಲ್ಲಿ ಭೂಮಿಯನ್ನು ಎರಡು ಬಗೆಯ ಗೇಣಿಗೆ ಕೊಡುತ್ತಿದ್ದರು. ಮೂಲಗೇಣಿಯವನ ಗೇಣಿ ನಿಶ್ಚಿತ, ಹಕ್ಕು ಶಾಶ್ವತ. ಗೇಣಿ ಸಲ್ಲಿಸುವವರೆಗೆ ಅವನನ್ನಾಗಲಿ ಅವನ ಮಕ್ಕಳನ್ನಾಗಲಿ ಎಬ್ಬಿಸುವಂತಿರಲಿಲ್ಲ. ಚಾಲಗೇಣಿಯವನು ಹಾಗಲ್ಲ, ಧಣಿ ಬೇಡವೆಂದ ದಿನ ಅವನ ಬೇಸಾಯ ಮುಗಿಯಿತು, ಅವನು ನೆಟ್ಟ ತೆಂಗು ಧಣಿಯದ್ದಾಯಿತು. ದೇವರಾಜ ಅರಸು ಸರಕಾರದ ಭೂಸುಧಾರಣೆ 1974ರ ಮಾರ್ಚ್ 1ರಿಂದ ಜಾರಿಗೆ ಬಂದಾಗ ಈ ಸೀಮೆಯಲ್ಲಿ ಅದು ಅಷ್ಟು ದೊಡ್ಡ ಸಂಗತಿಯಾದದ್ದು ಚಾಲಗೇಣಿದಾರರ ಸಂಖ್ಯೆ ಅಷ್ಟಿದ್ದ ಕಾರಣಕ್ಕೆ. ಹಾಡು ಅನ್ನ ಕೊಡುವ ಭೂಮಿಯಲ್ಲ, ಆ್ಯಪ್ ಕಂಪನಿ ಹಳೆಯ ಧಣಿಯೂ ಅಲ್ಲ. ಆದರೂ ಚಂದಾದಾರನ ಸ್ಥಿತಿ ಯಾವುದಕ್ಕೆ ಹತ್ತಿರ ಎಂದರೆ ಚಾಲಗೇಣಿಗೆ.

ಇದು ಕೇಳುಗರ ಗೊಣಗಾಟ ಮಾತ್ರವಲ್ಲ, ನ್ಯಾಯಾಲಯವೂ ಹತ್ತಿರಹತ್ತಿರ ಇದನ್ನೇ ಹೇಳಿದೆ. ಏರ್‌ಟೆಲ್‌ನ ವಿಂಕ್ ಮ್ಯೂಸಿಕ್ ಆ್ಯಪ್ ಮತ್ತು ಟಿಪ್ಸ್ ಎಂಬ ಸಂಗೀತ ಕಂಪನಿ ನಡುವೆ ಹಾಡಿನ ದರದ ಮಾತುಕತೆ ಮುರಿದುಬಿದ್ದಾಗ, ರೇಡಿಯೊಗಳಿಗೆ ಸಿಗುವ ಶಾಸನಬದ್ಧ ಪರವಾನಗಿ ತನಗೂ ಬೇಕು ಎಂದು ವಿಂಕ್ ಹಕ್ಕುಸ್ವಾಮ್ಯ ಕಾಯ್ದೆಯ 31ಡಿ ಕಲಮಿನ ಮೊರೆ ಹೋಯಿತು. 2019ರ ಏಪ್ರಿಲ್‌ನಲ್ಲಿ ಬಾಂಬೆ ಹೈಕೋರ್ಟ್ ಅದನ್ನು ಒಪ್ಪಲಿಲ್ಲ. ಹಣ ಕೊಟ್ಟು ಹಾಡನ್ನು ಶಾಶ್ವತವಾಗಿ ಪಡೆಯುವುದು ಮಾರಾಟ; ಚಂದಾ ಇರುವವರೆಗೆ ಮಾತ್ರ ಆಫ್‌ಲೈನ್ ಇಟ್ಟುಕೊಂಡು ಕೇಳಲು ಬಿಡುವುದು ವಾಣಿಜ್ಯ ಬಾಡಿಗೆ; ಎರಡೂ ಪ್ರಸಾರವಲ್ಲ ಎಂದಿತು. 2022ರ ಅಕ್ಟೋಬರಿನಲ್ಲಿ ವಿಭಾಗೀಯ ಪೀಠ ಆ ತೀರ್ಪನ್ನು ಎತ್ತಿಹಿಡಿಯಿತು. ಜಗಳ ಎರಡು ಕಂಪನಿಗಳದ್ದು, ಕೇಳುಗ ಅದರಲ್ಲಿ ಪಕ್ಷಗಾರನೇ ಅಲ್ಲ. ಆದರೆ ಅವನ ಫೋನಿನಲ್ಲಿರುವ ಹಾಡು ಅವನದ್ದಲ್ಲ, ಬಾಡಿಗೆಯದ್ದು ಎಂಬುದು ಕಾನೂನಿನ ಭಾಷೆಯಲ್ಲಿ ಸ್ಪಷ್ಟವಾದದ್ದು ಅಲ್ಲೇ.

ಬಾಡಿಗೆ ಮನೆ ಕೆಟ್ಟದ್ದಲ್ಲ. ಮನೆಯೊಡೆಯ ಮನೆ ಬಿಡಿಸುವಾಗ ನೋಟಿಸು ಕೊಡಬೇಕು, ಮುಂಗಡ ಹಿಂದಿರುಗಿಸಬೇಕು ಎಂಬ ರೀತಿನೀತಿ ಅಲ್ಲಿದೆ. ಹಾಡಿನ ಬಾಡಿಗೆಯಲ್ಲಿ ಅಂಥದ್ದು ಬೆಳೆದೇ ಇಲ್ಲ. ರೆಸ್ಸೊ ಎಂಬ ಆ್ಯಪ್ 2024ರ ಜನವರಿ ಕೊನೆಗೆ ಭಾರತದಲ್ಲಿ ಬಾಗಿಲು ಹಾಕಿತು. ಅದೇ ವರ್ಷದ ಆಗಸ್ಟ್‌ನಲ್ಲಿ ವಿಂಕ್ ಅನ್ನೂ ಮುಚ್ಚುವುದಾಗಿ ಏರ್‌ಟೆಲ್ ಪ್ರಕಟಿಸಿತು. ಸಿಮ್ ಜೊತೆಗೇ ಬಂದ ಆ್ಯಪ್ ಎಂದು ಹಳ್ಳಿಗಳಲ್ಲಿ ವಿಂಕ್ ಬಳಸುತ್ತಿದ್ದವರು ಬಹಳ. ಹತ್ತು ವರ್ಷ ಕೂಡಿಸಿದ ಹಾಡುಗಳು ಆ್ಯಪ್‌ನೊಂದಿಗೇ ಹೋದವು. 2023ರ ಮಾರ್ಚ್‌ನಲ್ಲಿ ಜೀ ಮ್ಯೂಸಿಕ್ ಮತ್ತು ಸ್ಪಾಟಿಫೈ ನಡುವೆ ಕರಾರು ಕುದುರದೆ ಜೀಯ ಹಾಡುಗಳೆಲ್ಲ ಸ್ಪಾಟಿಫೈನಿಂದ ಮಾಯವಾದವು. ಆಮೇಲೆ ಮರಳಿದವು, ಅದು ಬೇರೆ ಮಾತು. ನಡುವಿನ ದಿನಗಳಲ್ಲಿ ಚಂದಾದಾರ ಕಟ್ಟಿದ ಹಣ ಅಷ್ಟೇ ಇತ್ತು, ಹಾಡು ಮಾತ್ರ ಕಡಿಮೆಯಿತ್ತು.

ಇದಕ್ಕೆ ಬದಲಾಗಿ ಇನ್ನೊಂದು ದಾರಿ ಇತ್ತೇ? ಇತ್ತು. ಅದೂ ಕರ್ನಾಟಕದ್ದೇ.

2012ರ ಫೆಬ್ರವರಿಯಲ್ಲಿ ಬೆಂಗಳೂರಿನ ಫ್ಲಿಪ್‌ಕಾರ್ಟ್ ಕಂಪನಿ ಫ್ಲೈಟ್ ಎಂಬ ಹೆಸರಿನಲ್ಲಿ ಹಾಡಿನ ಅಂಗಡಿ ತೆರೆಯಿತು. ಒಂದೊಂದು ಹಾಡಿಗೆ ಕೆಲವೇ ರೂಪಾಯಿ ಬೆಲೆ. ಕೊಂಡ ಹಾಡು ಯಾವ ಬೀಗವೂ ಇಲ್ಲದ ಎಂಪಿ3 ಫೈಲಾಗಿ ಸಿಗುತ್ತಿತ್ತು. ಅದನ್ನು ಯಾವ ಫೋನಿನಲ್ಲೂ, ಕಾರಿನ ಪೆನ್‌ಡ್ರೈವಿನಲ್ಲೂ, ಅಡಿಕೆ ಸುಲಿಯುವ ಚಾವಡಿಯ ಸ್ಪೀಕರಿನಲ್ಲೂ ಹಾಕಬಹುದಿತ್ತು. ಒಂದೂವರೆ ವರ್ಷವೂ ನಡೆಯಲಿಲ್ಲ. 2013ರ ಜೂನ್‌ನಲ್ಲಿ ಅಂಗಡಿ ಮುಚ್ಚಿತು. ಹಾಡಿನ ಕಳವು ಮತ್ತು ಸಣ್ಣ ಮೊತ್ತ ಪಾವತಿಸುವ ಸುಲಭ ದಾರಿ ಇಲ್ಲದಿರುವುದು, ಈ ಎರಡು ತೊಡಕು ಬಗೆಹರಿಯದೆ ಈ ವ್ಯಾಪಾರ ಬೆಳೆಯುವುದಿಲ್ಲ ಎಂದು ಕಂಪನಿ ಕಾರಣ ಕೊಟ್ಟಿತು. ಮುಚ್ಚುವ ಮುಂಚೆ, ಕೊಂಡ ಹಾಡುಗಳನ್ನು ಇಳಿಸಿಟ್ಟುಕೊಳ್ಳಲು ಗಿರಾಕಿಗಳಿಗೆ ಸಮಯವನ್ನೂ ಕೊಟ್ಟಿತು. ಹಾಗೆ ಇಳಿಸಿಟ್ಟ ಫೈಲು ಯಾರಲ್ಲಿದೆಯೋ ಅವರ ಹಾಡು ಇವತ್ತಿಗೂ ನುಡಿಯುತ್ತದೆ. ಅಂಗಡಿ ಮುಚ್ಚಿ ಹತ್ತು ವರ್ಷ ದಾಟಿದ ಮೇಲೂ ಕೊಂಡವನ ಸೊತ್ತು ಕೊಂಡವನ ಬಳಿ ಇದೆ. ವಿಂಕ್ ಮುಚ್ಚಿದಾಗ ಆದದ್ದಕ್ಕೂ ಇದಕ್ಕೂ ಇರುವ ಅಂತರ ಇಷ್ಟು ಸರಳ.

ಆ ಎರಡು ತೊಡಕುಗಳಲ್ಲಿ ಒಂದು ಈಗ ಉಳಿದಿಲ್ಲ. ಯುಪಿಐ ಬಂದದ್ದು 2016ರ ಏಪ್ರಿಲ್‌ನಲ್ಲಿ, ಫ್ಲೈಟ್ ಮುಚ್ಚಿ ಸುಮಾರು ಮೂರು ವರ್ಷದ ಮೇಲೆ. ಈಗ ಕಡಬ ಪೇಟೆಯಲ್ಲಿ ಬೊಂಡ ಮಾರುವವರ ಗಾಡಿಗೂ ಕ್ಯೂಆರ್ ಕೋಡಿನ ರಟ್ಟು ತೂಗುತ್ತದೆ, ಹತ್ತು ರೂಪಾಯಿಯ ಚಹಾಕ್ಕೂ ಫೋನಿನಲ್ಲಿ ಹಣ ಹೋಗುತ್ತದೆ. ಏಳೆಂಟು ರೂಪಾಯಿ ಕೊಟ್ಟು ಒಂದು ಹಾಡು ಕೊಳ್ಳುವುದು ಅಂದು ಕಷ್ಟವಾಗಿತ್ತು. ಇಂದು ಕೊಳ್ಳಲು ಜನ, ದಾರಿ ಎರಡೂ ಇವೆ, ಮಾರುವ ಅಂಗಡಿಗಳೇ ಅಪರೂಪ. ಹಣ ಪಾವತಿಯ ಸಮಸ್ಯೆ ಬಗೆಹರಿದ ಹೊತ್ತಿಗೆ ವ್ಯಾಪಾರವೇ ಚಂದಾದ ಕಡೆ ತಿರುಗಿಬಿಟ್ಟಿತ್ತು.

ಇನ್ನೊಂದು ತೊಡಕು, ಕಳವು. ಬೀಗವಿಲ್ಲದ ಫೈಲು ಕೊಟ್ಟರೆ ಅದು ಸಂಜೆಯೊಳಗೆ ಸಾವಿರ ಜನರ ವಾಟ್ಸ್ಆ್ಯಪ್‌ಗೆ ಹೋಗುತ್ತದೆ, ಕಲಾವಿದನ ಹೊಟ್ಟೆಗೆ ಏಟು ಬೀಳುತ್ತದೆ ಎನ್ನುವವರಿದ್ದಾರೆ. ಈ ಭಯ ಸುಳ್ಳಲ್ಲ. ಆದರೆ ಬೀಗ ಹಾಕಿದ್ದರಿಂದ ಕಳವು ನಿಂತಿಲ್ಲ ಎಂಬುದೂ ಅಷ್ಟೇ ನಿಜ. ಹೊಸ ಸಿನಿಮಾದ ಹಾಡು ಬಿಡುಗಡೆಯಾದ ದಿನವೇ ಕಳ್ಳ ದಾರಿಯಲ್ಲಿ ಸಿಗುತ್ತದೆ. ಕಳ್ಳನಿಗೆ ಬೀಗ ತಾಗುವುದಿಲ್ಲ. ಚಂದಾ ಕಟ್ಟಿದವನಿಗೆ ಮಾತ್ರ ತಾಗುತ್ತದೆ. ಜಗತ್ತಿನ ದೊಡ್ಡ ಹಾಡಿನ ಅಂಗಡಿಯಾಗಿದ್ದ ಆ್ಯಪಲ್‌ನ ಐಟ್ಯೂನ್ಸ್ 2009ರಲ್ಲಿ ತಾನು ಮಾರುವ ಹಾಡುಗಳ ಬೀಗ ತೆಗೆಯಿತು. ದೊಡ್ಡ ಸಂಗೀತ ಕಂಪನಿಗಳೆಲ್ಲ ಅದಕ್ಕೆ ಒಪ್ಪಿದವು. ಮಾರುವ ಹಾಡಿಗೆ ಬೀಗ ಬೇಡವೆಂದು ಒಪ್ಪಿಕೊಂಡ ಕಂಪನಿಗಳು ಬಾಡಿಗೆಯ ಹಾಡಿನ ಮೂಲಕ ಬೀಗವನ್ನು ಮತ್ತೆ ತಂದದ್ದು ಕಳವಿನ ಭಯಕ್ಕಿಂತ ಚಂದಾ ನಿಲ್ಲಬಾರದೆಂಬ ಲೆಕ್ಕಕ್ಕೆ. ವ್ಯಾಪಾರದಲ್ಲಿ ಅದು ತಪ್ಪೆಂದಲ್ಲ. ಆದರೆ ಅದನ್ನು ಕಲಾವಿದನ ರಕ್ಷಣೆ ಎಂದು ಹೇಳಿ ಮಾರಬಾರದು.

ಚಂದಾದ ಪರವಾಗಿ ಬಲವಾದ ವಾದ ಬೇರೆಯೇ ಇದೆ. ತಿಂಗಳಿಗೆ ಒಂದಿಷ್ಟು ಚಂದಾ ಕಟ್ಟಿದರೆ ಕೋಟಿಗಟ್ಟಲೆ ಹಾಡು ಕೇಳಲು ಸಿಗುತ್ತದೆ. ಅಷ್ಟನ್ನೂ ಕೊಳ್ಳುವುದಾದರೆ ಯಾವ ಅಡಿಕೆ ಬೆಳೆಗಾರನಿಗೂ ಸಾಧ್ಯವಿಲ್ಲ. ಕೆಲಸ ಹುಡುಕಿ ಬೆಂಗಳೂರಿಗೆ ಹೋದ ಹುಡುಗಿಗೆ ನೂರು ಬಗೆಯ ಸಂಗೀತ ಕೇಳಿ ನೋಡುವ ಅವಕಾಶ ಅಗ್ಗದಲ್ಲಿ ಸಿಕ್ಕಿದೆ. ಇದೆಲ್ಲ ನಿಜವಾದ ಲಾಭ, ಇದನ್ನು ತಳ್ಳಿಹಾಕಿದರೆ ವಾದ ದುರ್ಬಲವಾಗುತ್ತದೆ. ಆದರೆ ಮನುಷ್ಯರು ಹಾಡು ಕೇಳುವ ಕ್ರಮವನ್ನು ಗಮನಿಸಿದವರಿಗೆ ಗೊತ್ತು: ಕೇಳಿ ನೋಡುವ ಹಾಡು ಸಾವಿರ ಇದ್ದರೂ ಮತ್ತೆ ಮತ್ತೆ ಕೇಳುವ ಹಾಡು ನೂರಿನ್ನೂರು. ರಬ್ಬರ್ ಮರದ ಸಾಲಿನಲ್ಲಿ ನಡೆಯುವವನ ಕಿವಿಯಲ್ಲಿರುವುದು ಆ ನೂರಿನ್ನೂರೇ. ಕೋಟಿ ಹಾಡು ಬಾಡಿಗೆಗೆ ಇರಲಿ. ಆ ನೂರಿನ್ನೂರನ್ನು ನ್ಯಾಯವಾದ ಬೆಲೆಗೆ ತನ್ನದಾಗಿ ಮಾಡಿಕೊಳ್ಳುವ ದಾರಿಯೂ ಅದೇ ಆ್ಯಪ್‌ನಲ್ಲಿ ಇರಲಿ.

ಕಾನೂನು ಕೇಳುಗನಿಗೆ ಈಗಲೇ ಅರ್ಧ ಬಾಗಿಲು ತೆರೆದಿದೆ ಎಂಬುದು ಹೆಚ್ಚಿನವರಿಗೆ ತಿಳಿದಿಲ್ಲ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಕಲಮು ಸ್ವಂತ ಬಳಕೆಗೆ ನ್ಯಾಯಯುತವಾಗಿ ಬಳಸುವುದನ್ನು ಉಲ್ಲಂಘನೆ ಎಂದು ಎಣಿಸುವುದಿಲ್ಲ. 2012ರ ತಿದ್ದುಪಡಿಯ ಬಳಿಕ ಇದು ಧ್ವನಿಮುದ್ರಣಗಳಿಗೂ ಅನ್ವಯ. ಅದೇ ತಿದ್ದುಪಡಿ ತಂದ 65ಎ ಕಲಮು ಬೀಗ ಒಡೆಯುವುದನ್ನು ಎರಡು ವರ್ಷದವರೆಗೆ ಜೈಲುಶಿಕ್ಷೆಯ ಅಪರಾಧವಾಗಿಸಿತಾದರೂ, ಹಕ್ಕು ಉಲ್ಲಂಘಿಸುವ ಉದ್ದೇಶ ಇದ್ದಾಗ ಮಾತ್ರ ಎಂಬ ಷರತ್ತು ಹಾಕಿತು. ಹಾಗೆಂದು ಬೀಗ ಮುರಿಯುವ ಸಾಫ್ಟ್‌ವೇರ್ ಹುಡುಕಿ ಹೊರಡುವುದು ಪರಿಹಾರವಲ್ಲ. ಕಂಪನಿಯ ಕರಾರಿಗೆ ಅದು ವಿರುದ್ಧ, ಖಾತೆ ಹೋಗುತ್ತದೆ. ಅಂಥ ಸಾಫ್ಟ್‌ವೇರ್‌ಗಳ ಜೊತೆ ವೈರಸ್ ಬರುವುದೂ ಇದೆ. ಹಣ ಕೊಡುವ ಮರ್ಯಾದಸ್ಥ ಕೇಳುಗ ಕಳ್ಳದಾರಿ ತುಳಿಯಬೇಕಾಗಿ ಬರುವುದೇ ವ್ಯವಸ್ಥೆಯ ಲೋಪ. ಜರ್ಮನಿ 1965ರಲ್ಲೇ ಇದಕ್ಕೊಂದು ಉಪಾಯ ಕಂಡುಕೊಂಡಿತ್ತು: ಟೇಪ್‌ರೆಕಾರ್ಡರ್ ಮಾರುವಾಗಲೇ ಬೆಲೆಯಲ್ಲಿ ಸಣ್ಣದೊಂದು ಪಾಲು ಕಲಾವಿದರ ನಿಧಿಗೆ, ಅದಕ್ಕೆ ಪ್ರತಿಯಾಗಿ ಮನೆಯಲ್ಲಿ ಮಾಡಿಕೊಳ್ಳುವ ಪ್ರತಿಗೆ ಅನುಮತಿ. ಕೇಳುಗನ ಪ್ರತಿ, ಕಲಾವಿದನ ಸಂಭಾವನೆ ಎರಡನ್ನೂ ಒಟ್ಟಿಗೆ ಯೋಚಿಸಬಹುದು ಎಂಬುದಕ್ಕೆ ಅದು ಹಳೆಯ ಸಾಕ್ಷಿ.

ಯಕ್ಷಗಾನದ ವಿಷಯ ಬಂದಾಗ ಈ ಪ್ರಶ್ನೆ ಇನ್ನಷ್ಟು ತೀವ್ರವಾಗುತ್ತದೆ, ಏಕೆಂದರೆ ಇಲ್ಲಿ ಹೋಗುವುದು ಮನರಂಜನೆ ಮಾತ್ರವಲ್ಲ. ಶೇಣಿಯವರು 2006ರಲ್ಲಿ ತೀರಿಕೊಂಡರು. ಸುಳ್ಯ ಸೀಮೆಯಿಂದ ಬಂದು ಸುರತ್ಕಲ್ ಮೇಳದಲ್ಲಿ ಹೆಸರು ಮಾಡಿದ ಭಾಗವತ ಪದ್ಯಾಣ ಗಣಪತಿ ಭಟ್ಟರು 2021ರ ಅಕ್ಟೋಬರಿನಲ್ಲಿ, ಬಲಿಪ ನಾರಾಯಣ ಭಾಗವತರು 2023ರ ಫೆಬ್ರವರಿಯಲ್ಲಿ ಹೋದರು. ಅವರ ಕಂಠ ಈಗ ಉಳಿದಿರುವುದು ಮುದ್ರಿಕೆಗಳಲ್ಲಿ. ಇಂದು ಯೂಟ್ಯೂಬಿನಲ್ಲಿ ಕೇಳಸಿಗುವ ಹಳೆಯ ತಾಳಮದ್ದಳೆಗಳಲ್ಲಿ ಬಹಳಷ್ಟು ಮನೆಮನೆಯ ಕ್ಯಾಸೆಟ್‌ಗಳಿಂದ ಎತ್ತಿಕೊಂಡವು. ರಂಗಸ್ಥಳದ ಬದಿಯಲ್ಲಿ ಟೇಪ್‌ರೆಕಾರ್ಡರ್ ಹಿಡಿದು ಕುಳಿತ ಯಾವನೋ ಅಭಿಮಾನಿಯ ಪೆಟ್ಟಿಗೆಯಲ್ಲಿ, ಅಟ್ಟದ ಮೇಲೆ, ಫಂಗಸ್ ಹಿಡಿದರೂ ಉಳಿದುಕೊಂಡಿದ್ದವು. ಆ ಅಭಿಮಾನಿ ಕಾನೂನು ಮೀರಿರಲಿಲ್ಲ. ತನ್ನ ಸ್ವಂತ ಬಳಕೆಗೆ ಪ್ರದರ್ಶನವನ್ನು ಮುದ್ರಿಸಿಕೊಳ್ಳಲು ಹಕ್ಕುಸ್ವಾಮ್ಯ ಕಾಯ್ದೆಯ 39ನೇ ಕಲಮು ಅವಕಾಶ ಕೊಡುತ್ತದೆ. ಪ್ರತಿಗಳು ನೂರು ಕೈಗಳಲ್ಲಿ ಇದ್ದದ್ದರಿಂದಲೇ ಒಂದಾದರೂ ಉಳಿಯಿತು. ಬಾಡಿಗೆಯ ಆಫ್‌ಲೈನ್ ಪ್ರತಿಯಿಂದ ಈ ಕೆಲಸ ಆಗದು. ಐವತ್ತು ವರ್ಷದ ಮೇಲೆ ಯಾರೋ ಮೊಮ್ಮಗ ಅಜ್ಜನ ಹಳೆಯ ಫೋನು ತೆರೆದರೆ ಅದರೊಳಗಿನ ಹಾಡುಗಳಿಗೆ ಕೀಲಿ ಕೊಡುವ ಕಂಪನಿ ಇರುವುದಿಲ್ಲ.

ಈಗಿನ ಯಕ್ಷಗಾನದ ಆಟಗಳು ನೇರವಾಗಿ ಯೂಟ್ಯೂಬಿಗೆ ಹೋಗುತ್ತವೆ. ಕಡಬದ ಕೇಳುಗ ಅದನ್ನೂ ಇಳಿಸಿಟ್ಟುಕೊಂಡೇ ಕೇಳುತ್ತಾನೆ. ನೆಟ್‌ವರ್ಕ್ ನೆಚ್ಚಲಾಗದ ದೇಶಗಳಿಗೆಂದೇ ಯೂಟ್ಯೂಬ್ 2014ರ ಡಿಸೆಂಬರಿನಲ್ಲಿ ಭಾರತದಲ್ಲಿ ಆಫ್‌ಲೈನ್ ಸೌಲಭ್ಯ ತಂದಾಗ ವಿಡಿಯೊ 48 ಗಂಟೆ ಮಾತ್ರ ಫೋನಿನಲ್ಲಿ ಇರುತ್ತಿತ್ತು. ರಾತ್ರಿಯಿಡೀ ನಡೆವ ಒಂದು ಆಟವನ್ನು ಅಡಿಕೆ ಸುಲಿಯುತ್ತ ಕಂತು ಕಂತಾಗಿ ಕೇಳುವವನಿಗೆ 48 ಗಂಟೆ ಯಾವ ಮೂಲೆಗೆ? ಹಾಡಿದ ಭಾಗವತನಿಗೆ, ಚೆಂಡೆ ಮದ್ದಳೆಯವರಿಗೆ ಆ ವಿಡಿಯೊದಿಂದ ಏನು ಸಂದಿತು ಎಂಬುದನ್ನು ವಿಚಾರಿಸುವ ರೂಢಿಯೂ ಇನ್ನೂ ಬೆಳೆದಿಲ್ಲ. 2012ರ ತಿದ್ದುಪಡಿ ಪ್ರದರ್ಶಕರಿಗೆ ವಾಣಿಜ್ಯ ಬಳಕೆಯಲ್ಲಿ ರಾಯಧನದ ಪಾಲು ಇದೆ ಎಂದಿದೆ, ಪ್ರದರ್ಶಕರ ಹಕ್ಕು 50 ವರ್ಷ ಬಾಳುತ್ತದೆ. ಕಾಗದದ ಮೇಲಿನ ಈ ಹಕ್ಕನ್ನು ಕೈಗೆ ತರಲು ಮೇಳಗಳು ಮುಂಬಯಿಯ ಸಂಗೀತ ಕಂಪನಿಯನ್ನಾಗಲಿ ಸ್ವೀಡನ್ನಿನ ಸ್ಪಾಟಿಫೈಯನ್ನಾಗಲಿ ಕಾಯಬೇಕಾಗಿಲ್ಲ. ಆಟದ ಚೌಕಿಯ ಹೊರಗೆ ಒಂದು ಮೇಜು, ಒಂದು ಕ್ಯೂಆರ್ ರಟ್ಟು. ಕಳೆದ ವಾರದ ಪ್ರಸಂಗದ ಶುದ್ಧ ಧ್ವನಿಮುದ್ರಿಕೆ ಐವತ್ತು ರೂಪಾಯಿಗೆ, ಬೀಗವಿಲ್ಲದ ಫೈಲಾಗಿ, ಹಣದ ಪಾಲು ಹಿಮ್ಮೇಳ ಮುಮ್ಮೇಳಕ್ಕೆ. ಕ್ಯಾಸೆಟ್ ಕೊಂಡ ಊರು ಇದು. ನೆಚ್ಚಿನ ಭಾಗವತರಿಗೆ ನೇರ ಹೋಗುತ್ತದೆಂದು ತಿಳಿದರೆ ಐವತ್ತು ರೂಪಾಯಿ ಕೊಡಲು ಇಲ್ಲಿಯ ಜನ ಹಿಂದೆಮುಂದೆ ನೋಡುವವರಲ್ಲ.

ಟವರು ಬಂದರೆ ಎಲ್ಲ ಸರಿಹೋಗುತ್ತದೆ ಎಂಬ ನಂಬಿಕೆ ಸರಕಾರದಲ್ಲಿಯೂ ಇದೆ, ಜನರಲ್ಲಿಯೂ ಇದೆ. ನೆಟ್‌ವರ್ಕ್ ಇಲ್ಲದ 24,680 ಹಳ್ಳಿಗಳಿಗೆ 4ಜಿ ತಲುಪಿಸಲು ಕೇಂದ್ರ ಸಂಪುಟ 2022ರ ಜುಲೈಯಲ್ಲಿ 26,316 ಕೋಟಿ ರೂಪಾಯಿಯ ಯೋಜನೆ ಒಪ್ಪಿತು. ಟವರು ಬೇಕು, ಬೇಗ ಬರಲಿ; ಆಸ್ಪತ್ರೆಗೆ ಫೋನು ಮಾಡಲು, ಮಕ್ಕಳ ಪಾಠಕ್ಕೆ ಅದು ಬೇಕೇ ಬೇಕು. ಆದರೆ ಚಂದಾ ನಿಂತ ದಿನ, ಆ್ಯಪ್ ಮುಚ್ಚಿದ ದಿನ, ಕರಾರು ಮುರಿದ ದಿನ, ಕಡಬದ ಪೂರ್ತಿ ಸಿಗ್ನಲ್ ಇರುವ ಮನೆಯಲ್ಲೂ ಹಾಡು ನಿಲ್ಲುತ್ತದೆ. ಸಿಗ್ನಲ್ ಇಲ್ಲದ ಊರು ಚಂದಾದ ಕರಾರಿನ ಬಿಗಿಯನ್ನು ಮೊದಲು ಅನುಭವಿಸಿತು, ಅಷ್ಟೇ.

2012ರಲ್ಲಿ ಹಕ್ಕುಸ್ವಾಮ್ಯ ಕಾಯ್ದೆ ತಿದ್ದುವಾಗ ಹಾಡು ಬರೆದವರ, ಸ್ವರ ಹಾಕಿದವರ ಪರವಾಗಿ ರಾಜ್ಯಸಭೆಯಲ್ಲಿ ಚಿತ್ರಗೀತೆಗಳ ಕವಿ ಜಾವೇದ್ ಅಖ್ತರ್ ಮಾತಾಡಿದರು, ರಾಯಧನದ ಹಕ್ಕು ಅವರಿಗೆ ದಕ್ಕಿತು. ಮುಂದಿನ ತಿದ್ದುಪಡಿಯ ಹೊತ್ತಿಗೆ ಕೇಳುಗರ ಪರವಾಗಿಯೂ ಯಾರಾದರೂ ಎದ್ದು ನಿಲ್ಲಬೇಕು. ಕೇಳಬೇಕಾದದ್ದು ತೀರಾ ದೊಡ್ಡದೇನಲ್ಲ. ಆ್ಯಪ್ ಮುಚ್ಚುವ ಕಂಪನಿ ಕನಿಷ್ಠ ಆರು ತಿಂಗಳ ನೋಟಿಸು ಕೊಡಬೇಕು, ಆ ಅವಧಿಯಲ್ಲಿ ಚಂದಾದಾರ ತಾನು ಹೆಚ್ಚು ಕೇಳಿದ ಹಾಡುಗಳನ್ನು ನಿಗದಿತ ಬೆಲೆಗೆ ಕೊಂಡು ಇಟ್ಟುಕೊಳ್ಳಲು ಸಾಧ್ಯವಾಗಬೇಕು. ಹಲವು ವರ್ಷ ತಪ್ಪದೆ ಚಂದಾ ಕಟ್ಟಿದವನಿಗೆ ವರ್ಷಕ್ಕೆ ಇಷ್ಟು ಎಂದು ಕೆಲವು ಹಾಡುಗಳ ಮೇಲೆ ಮೂಲಗೇಣಿಯಂಥ ಹಕ್ಕು, ಚಂದಾ ನಿಂತರೂ ಹೋಗದಂಥದ್ದು, ಸಿಗಬೇಕು. ಅದರ ಬೆಲೆಯಲ್ಲಿ ಕಲಾವಿದನ ಪಾಲು ಎಷ್ಟೆಂದು ಬಿಲ್ಲಿನಲ್ಲೇ ನಮೂದಾಗಬೇಕು. 30 ದಿನಕ್ಕೊಮ್ಮೆ ಹಾಜರಿ ಹಾಕುವ ನಿಯಮ ಕನಿಷ್ಠ ಒಂದು ಮಳೆಗಾಲದಷ್ಟು, ಅಂದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಾಟುವಷ್ಟು, ಉದ್ದವಾಗಬೇಕು. ಇದಕ್ಕೆ ಹೊಸ ತಂತ್ರಜ್ಞಾನ ಬೇಕಿಲ್ಲ. ಈಗಿರುವ ಕೀಲಿಯ ಅವಧಿಯನ್ನು ಬದಲಿಸಿದರೆ ಸಾಕು, ಅದು ಕಂಪನಿಯ ಸರ್ವರ್‌ನಲ್ಲಿ ಬರೆದಿಟ್ಟ ಒಂದು ಅಂಕಿ.